ಹಿಡಿದಷ್ಟು ನೀರು

ಜನರಿಗೆ ತಿಳಿಯುವ ಹಾಗೆ ಬರೆಯುವುದು ಹೇಗೆ ಅಂತ ಎರಡು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಆದರೆ ಏನು ಓದುತ್ತಿದ್ದೇನೆ ಎನ್ನುವುದನ್ನು ಮಾತ್ರ ಒಬ್ಬರಿಗೂ ತಿಳಿಯುವ ಹಾಗೆ ಹೇಳೋಕೆ ಆಗಿಲ್ಲ. ಹಾಗಾಗಿ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ಟೆಂಟು

ನಮ್ಮ ಮನೆ ವಿನೋಬನಗರದಲ್ಲಿ. ಎದುರುಮನೆ ಅಜ್ಜಿ ಒಂದು ದಿನ ನನ್ನ ಓದಿನ ಬಗ್ಗೆ ಕೇಳಿದರು. ಟೆಕ್ನಿಕಲ್ ರೈಟಿಂಗು, ಕಂಟೆಂಟ್ ಸ್ಟ್ರಾಟಜಿ ಅಂದೆ. ಅಜ್ಜಿ ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿದರು.

ಮುಂದಿನ ವಾರ ತಮ್ಮ ನೆಂಟರೊಬ್ಬರನ್ನು ಕರೆದುಕೊಂಡು ಬಂದು, ಟೆಂಟ್ ಹಾಕೋದನ್ನ ಓದ್ತಿರೋ ಹುಡುಗಿ ಇವಳೇ ಅಂತ ಪರಿಚಯ ಮಾಡಿಸಿದರು. ಅವರ ಮಗಳ ನಿಶ್ಚಿತಾರ್ಥವಂತೆ. ಶಾಮಿಯಾನ ಯಾವ ಬಣ್ಣದ್ದು ಸಿಗುತ್ತದೆ, ಕುರ್ಚಿಗೆ ಬಟ್ಟೆ ಹೊದಿಸಿ ಕೊಡ್ತೀರಾ ಅಂತ ಅವರು ಶುರು ಮಾಡಿಯೇಬಿಟ್ಟರು. ನಾನು ಕೂರಿಸಿಕೊಂಡು ವಿವರಿಸಿದೆ. ಯಾವ ವಿಷಯ, ಯಾರಿಗೆ, ಯಾವಾಗ, ಎಷ್ಟು ಹೇಳಬೇಕು, ಎಷ್ಟು ಬಿಡಬೇಕು, ಇದನ್ನೇ ನಾವು ಓದೋದು ಅಂದೆ. ಅವರು ಎಲ್ಲ ಕೇಳಿಸಿಕೊಂಡರು.

"ಕುರ್ಚಿ ಬ್ಯಾಡ ಬಿಡವ್ವ," ಅಂದರು. "ಈ ಓದನ್ನ ನಮ್ಮ ಬೀಗರಿಗೆ ಒಂದು ತಿಂಗಳು ಓದಿಸೋಕೆ ಆಗ್ತೈತೇನು?"

ಗುಂಡಿ

ಕೊನೆಯ ಸೆಮಿಸ್ಟರಿಗೆ ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಹರಿಹರದ ಒಂದು ವರ್ಕ್‌ಶಾಪಿನವರು ಜೋಳದ ರೊಟ್ಟಿ ಒತ್ತುವ ಮಷೀನು ಮಾಡುತ್ತಾರೆ. ಅದಕ್ಕೆ ಕನ್ನಡದಲ್ಲಿ ಕೈಪಿಡಿ ಇಲ್ಲ. ಅದನ್ನು ನಾನು ಬರೆಯಬೇಕು. ಪರೀಕ್ಷೆಯ ದಿನ, ಆ ಮಷೀನನ್ನು ಕಂಡೇ ಇರದವರೊಬ್ಬರು ಬರೀ ನನ್ನ ಕೈಪಿಡಿ ಓದಿಕೊಂಡು ರೊಟ್ಟಿ ಮಾಡಬೇಕು. ನಾನು ಪಕ್ಕದಲ್ಲೇ ನಿಂತಿರಬೇಕು, ಆದರೆ ಬಾಯಿ ಬಿಡುವ ಹಾಗಿಲ್ಲ. ಒಂದು ಮಾತಾಡಿದರೂ ಫೇಲು, ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಮಣ್ಣು ಹೊರಬೇಕು. ನಾನು ಐದು ನಿಮಿಷ ಸುಮ್ಮನಿದ್ದರೆ ನಮ್ಮಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಚ್ಚಗನ್ನಡದಲ್ಲೇ ಬರೆಯಬೇಕೆಂಬ ಹುಮ್ಮಸ್ಸಿನಲ್ಲಿ, "ಹಸಿರು ಗುಂಡಿಯನ್ನು ಅದುಮಿ" ಅಂತ ಶುರು ಮಾಡಿ ಹರಿಹರದ ಬಸ್ಸು ಹತ್ತಿದೆ. ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಹಾಳೆ ಇಸಕೊಂಡು ಎರಡು ಸಲ ಓದಿದರು. ಆಮೇಲೆ ಮಷೀನು ಬಿಟ್ಟು ನೆಲವನ್ನೇ ನೋಡುತ್ತ ಒಂದು ಸುತ್ತು ಬಂದರು.

"ಗುಂಡಿ ಎಲ್ಲೈತ್ರಿ ಮೇಡಂ? ಇದ್ದದ್ದು ಒಂದೇ, ಅದಕ್ಕೂ ಮೊನ್ನೆ ಸಿಮೆಂಟ್ ಹಾಕಿ ಮುಚ್ಚೇವಿ."

ಅಲ್ಲೇ ಕೂತು "ಹಸಿರು ಸ್ವಿಚ್ ಒತ್ತಿ" ಅಂತ ತಿದ್ದಿದೆ.

ಹಿಡಿದಷ್ಟು

ಮಷೀನು ಸುಲಭ. ಕಷ್ಟವಿದ್ದದ್ದು ಹಿಟ್ಟಿನಲ್ಲಿ. ಹಿಟ್ಟನ್ನು ಹದವಾಗಿ ನಾದಿ ಅಂತ ಬರೆದಿದ್ದೆ. ಮೇಷ್ಟ್ರು "ಹದ" ಅನ್ನುವುದರ ಸುತ್ತ ಕೆಂಪು ಸೊನ್ನೆ ಹಾಕಿ, ಎಷ್ಟು ಅಂತ ಕೇಳಿದರು. ಎಷ್ಟು ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಆದಮೇಲೆ ನಿದ್ದೆ ಬರಲಿಲ್ಲ.

ಆವರಗೆರೆಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಗೆರೆ ಕೊರೆದ ಅಳತೆ ಗ್ಲಾಸು ಹಿಡಿದು ಅವರ ಮನೆಗೆ ಹೋದೆ. ನೀರು ಎಷ್ಟು ಹಾಕ್ತೀರಿ ಅಂದೆ. "ಹಿಡಿದಷ್ಟು," ಅಂದರು. ಎಷ್ಟು ಹಿಡಿಯುತ್ತೆ ಅಂದೆ. "ಅದನ್ನ ಹಿಟ್ಟು ಹೇಳ್ತೈತಲ್ಲವ್ವ," ಅಂದರು. ಮೂರು ದಿನ ಅವರ ಒಲೆ ಮುಂದೆ ಕೂತು ಅಳೆದೆ. ಮೂರು ದಿನವೂ ಮೂರು ಲೆಕ್ಕ ಬಂತು. ಹಳೇ ಜೋಳಕ್ಕೆ ಒಂದು, ಹೊಸ ಜೋಳಕ್ಕೆ ಒಂದು, ಗಿರಣಿಯವನು ದಪ್ಪ ಬೀಸಿದ ದಿನ ಇನ್ನೊಂದು. ಆದರೆ ಅಕ್ಕನ ರೊಟ್ಟಿ ಮಾತ್ರ ದಿನವೂ ಒಂದೇ ಥರ.

ಹಾಗಾದರೆ ನಿಮ್ಮ ಕೈಗೆ ಗೊತ್ತಾಗುವುದು ಹೇಗೆ? ಬಿಡದೆ ಕೇಳಿದೆ. ನನ್ನ ಕಾಟ ತಡೆಯಲಾರದೆ ಅಕ್ಕ ಹಿಟ್ಟಿನುಂಡೆಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಕಿವಿಯ ಹಾಲೆ ಹಿಡಿದು ನೋಡು ಅಂದರು. ಹಿಡಿದೆ. ಎರಡೂ ಒಂದೇ ಥರ ಮೆತ್ತಗೆ! ಎದ್ದು ಕುಣಿಯುವಷ್ಟು ಖುಷಿಯಾಯಿತು. ಅಲ್ಲೇ ಬರೆದುಕೊಂಡೆ: "ಹೆಜ್ಜೆ ನಾಲ್ಕು. ಕಿವಿಯ ಹಾಲೆಯನ್ನು ಹಿಡಿದು ನೋಡಿ. ಹಿಟ್ಟು ಅಷ್ಟೇ ಮೆತ್ತಗಿರಬೇಕು."

ಹೊರಡುವಾಗ ಅಕ್ಕ ಅಳತೆ ಗ್ಲಾಸು ನೋಡಿ, "ಅದನ್ನ ಇಲ್ಲೇ ಬಿಟ್ಟು ಹೋಗು, ಚಾ ಕುಡಿಯೋಕಾಗ್ತೈತೆ," ಅಂದರು.

ಹೆಜ್ಜೆ ನಾಲ್ಕು

ಪರೀಕ್ಷೆ ನಡೆದದ್ದು ಪಿ.ಜೆ. ಬಡಾವಣೆಯ ಒಂದು ಖಾನಾವಳಿಯಲ್ಲಿ. ಅನ್ನ ಸಾರು ಮಾಡಲು ಹೊಸದಾಗಿ ಸೇರಿದ್ದ ಅಮ್ಮ ಒಬ್ಬರು ಅಲ್ಲಿದ್ದರು. ಅವರು ಆ ಮಷೀನನ್ನೂ ಕಂಡಿರಲಿಲ್ಲ, ರೊಟ್ಟಿಯನ್ನೂ ತಟ್ಟಿದವರಲ್ಲ. ಅವರ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ನೋಟ್‌ಬುಕ್ ಹಿಡಿದ ಮೇಷ್ಟ್ರು.

ಅಮ್ಮ ಗಟ್ಟಿಯಾಗಿ ಓದಿಕೊಳ್ಳುತ್ತ ಮೂರು ಹೆಜ್ಜೆ ಸಲೀಸಾಗಿ ದಾಟಿದರು. ಸ್ವಿಚ್ ಒತ್ತಿದರು, ತಟ್ಟೆ ಕಾಯಲು ಬಿಟ್ಟರು, ಬಿಸಿನೀರು ಹಾಕಿ ಹಿಟ್ಟು ಕಲಸಿದರು. ನಾಲ್ಕನೆಯದನ್ನು ಓದಿ ನಿಂತರು. ನನ್ನ ಕಡೆ ತಿರುಗಿದರು.

"ಯಾರ ಕಿವಿ?"

ನಿಮ್ಮದೇ ಅಮ್ಮಾ, ನಿಮ್ಮದೇ ಅಂತ ಗಂಟಲಿಗೆ ಬಂದದ್ದನ್ನು ತುಟಿ ಕಚ್ಚಿ ನುಂಗಿದೆ. ಅಮ್ಮ ತಮ್ಮ ಕಿವಿಗೆ ಕೈ ಒಯ್ದರು. ಅಲ್ಲಿ ಹಾಲೆ ತುಂಬ ಅಗಲದ ಓಲೆ, ಹಿಡಿಯಲು ಜಾಗವೇ ಇಲ್ಲ. ನನ್ನ ಕಿವಿ ನೋಡಿದರು, ಅಲ್ಲಿ ಜುಮಕಿ. ಆ ಕಡೆ ತಿರುಗಿದರು. ಏನೂ ಇಲ್ಲದ ಬೋಳು ಕಿವಿ ಅಲ್ಲಿದ್ದದ್ದು ಒಬ್ಬರದೇ.

ಹಿಟ್ಟು ಮೆತ್ತಿದ ಎರಡು ಬೆರಳಲ್ಲಿ ಮೇಷ್ಟ್ರ ಕಿವಿ ಹಿಡಿದರು. ಮೇಷ್ಟ್ರು ಸರಿಯಲು ನೋಡಿದರು. ಅಮ್ಮ ಅಲುಗಾಡಬ್ಯಾಡ್ರಿ ಅಂತ ಗದರಿ, ಒಂದು ಕೈಯಲ್ಲಿ ಕಿವಿ, ಇನ್ನೊಂದರಲ್ಲಿ ಹಿಟ್ಟು ಹಿಸುಕಿ ಹಿಸುಕಿ ನೋಡಿದರು. "ನಿಮ್ಮದು ಗಟ್ಟಿ ಐತ್ರಿ," ಅಂದು ಇನ್ನೊಂದು ಹಿಡಿ ಹಿಟ್ಟು ಸೇರಿಸಿ ನಾದಿ, ಮತ್ತೆ ಬಂದು ಹಿಡಿದು ನೋಡಿದರು. ಆಮೇಲೆ ಮಷೀನಿಗೆ ಇಟ್ಟು ಒತ್ತಿದರು. ರೊಟ್ಟಿ ಎಲ್ಲೂ ಹರಿಯದೆ ದುಂಡಗೆ ಬಂತು.

ಮೇಷ್ಟ್ರು ಕಿವಿ ಒರೆಸಿಕೊಂಡು, ರೊಟ್ಟಿ ಮುರಿದು ತಿಂದು, ನೋಟ್‌ಬುಕ್ಕಿನಲ್ಲಿ ಏನೋ ಬರೆದರು. ಪಾಸು, ಇನ್ನು ಮಾತಾಡಬಹುದು ಅಂದರು. ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಪಾಸಾದವರು ಊರು ತುಂಬ ಇದ್ದಾರೆ. ಮೇಷ್ಟ್ರ ಕಿವಿ ಹಿಂಡಿಸಿ ಪಾಸಾದವಳು ನಾನೊಬ್ಬಳೇ ಇರಬೇಕು. ಆದರೆ ಮೇಷ್ಟ್ರು, ನಾಲ್ಕನೇ ಹೆಜ್ಜೆ ತಿದ್ದಿ ಕೊಡಬೇಕು, ಯಾರ ಕಿವಿ ಅಂತ ಅದರಲ್ಲಿಲ್ಲ ಅಂದರು. ಏನಂತ ಬರೀಲಿ ಸರ್ ಅಂತ ಕೇಳಿದೆ.

ಎರಡನೇ ಉಂಡೆ ಕಟ್ಟುತ್ತಿದ್ದ ಅಮ್ಮ ತಲೆ ಎತ್ತದೆಯೇ ಹೇಳಿದರು.

"ಸರ್ ಕಿವಿ ಅಂತಾನೇ ಬರ್ಕೊಳ್ರಿ. ಅಳತೆ ಸರಿ ಬಂದೈತೆ."