ಎರಡು ಸಾವಿರದ ಮಾಡೆಲ್ಲು

ಹಳೆಯ ಕಾರು ಕೊಳ್ಳುವವರಷ್ಟು ಜಂಬದ ಜನ ಈ ಭೂಮಿಯ ಮೇಲೆ ಇನ್ನಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಕಾರು ಕೊಳ್ಳುವವನು ಬಣ್ಣ ಯಾವುದು ಎಂದು ಕೇಳಿ ಸುಮ್ಮನಾಗುತ್ತಾನೆ. ಹಳೆಯದನ್ನು ಕೊಳ್ಳುವವನಿಗೆ ಮಾತ್ರ ಇಸವಿಯ ಹುಚ್ಚು. ಯಾರೋ ಏಳು ವರ್ಷ ಕೂತು ಸವೆಸಿದ ಸೀಟಿನ ಮೇಲೆ ತಾನು ಕೂರಲು ಹೊರಟಿದ್ದೇನೆ ಎಂಬುದನ್ನು ಮರೆತು, "ತೊಂಬತ್ತೆಂಟಾ? ಛೆ ಛೆ, ತೊಂಬತ್ತೊಂಬತ್ತಾದರೂ ಬೇಡವೇ?" ಎಂದು ಮೂಗು ಮುರಿಯುತ್ತಾನೆ. ಇದನ್ನು ಇಷ್ಟು ಖಾರವಾಗಿ ಹೇಳುವ ಹಕ್ಕು ನನಗಿದೆ. ಅದೇ ಮೂಗು ಹೊತ್ತುಕೊಂಡು ನಾನೂ ಒಂದು ಬೇಸಿಗೆಯೆಲ್ಲ ಮದರಾಸನ್ನು ಅಲೆದವನೇ.

ಕಾರು ಬೇಕಾಗಿದ್ದುದು ನನಗಲ್ಲ, ನನ್ನ ಹೆಂಡತಿ ವನಜಳ ಮಂಡಿಗೆ. ಅವಳು ಅಡ್ಯಾರಿನ ಶಾಲೆಯೊಂದರಲ್ಲಿ ಗಣಿತದ ಟೀಚರು. ಸೈದಾಪೇಟೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಬೇಕು. ಆ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ ಗೊತ್ತುಮಾಡಿದ ಪುಣ್ಯಾತ್ಮನಿಗೆ ಮಂಡಿಯೇ ಇರಲಿಲ್ಲವೆಂದು ಕಾಣುತ್ತದೆ. ಇನ್ನು ಬಸ್ಸು ಹತ್ತಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ದಿನಕ್ಕೆರಡು ಸಲ ಆಟೋದವರ ಜೊತೆ ಜಗಳವಾಡಿ ವನಜಳ ಮಂಡಿಯ ಜೊತೆಗೆ ಗಂಟಲೂ ಕೆಟ್ಟಿತು. ನನ್ನನ್ನು ನಂಬಿ ಕೂರುವ ಪೈಕಿ ಅಲ್ಲ ಅವಳು. ಡ್ರೈವಿಂಗ್ ಕಲಿತು ಲೈಸೆನ್ಸು ತೆಗೆದುಕೊಂಡಳು. ಬೇಸಿಗೆ ರಜೆ ಶುರುವಾದ ದಿನ ತಣ್ಣಗೆ ಹೇಳಿದಳು: "ರೀ, ಜೂನ್‌ನಲ್ಲಿ ಸ್ಕೂಲು ತೆಗೆಯೋ ಹೊತ್ತಿಗೆ ಕಾರು ಬಂದ್ರೆ ಸರಿ. ಇಲ್ದಿದ್ರೆ ನಾನು ಕೆಲಸ ಬಿಟ್ಬಿಡ್ತೀನಿ." ಇಪ್ಪತ್ತು ವರ್ಷ ಪ್ರೀತಿಯಿಂದ ಮಾಡಿಕೊಂಡು ಬಂದ ಕೆಲಸ. ಆ ಮಾತು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟಪಟ್ಟುಕೊಂಡೇ ಇಸವಿ ವಿಚಾರಿಸಲು ಹೊರಟೆ.

ಪ್ಯಾರೀಸ್ ಕಾರ್ನರಿನ ನಮ್ಮ ಆಫೀಸಿನಲ್ಲಿ ಈ ವಿಷಯದ ಮಹಾಪಂಡಿತರು ರಂಗನಾಥನ್. ನಮ್ಮೆಲ್ಲರ ಸರ್ವಿಸ್ ರಿಜಿಸ್ಟರುಗಳನ್ನು ತಮ್ಮ ಬೆನ್ನ ಹಿಂದಿನ ಬೀರುವಿನಲ್ಲಿಟ್ಟು ಕಾಯುವ ಮನುಷ್ಯ. ಅವರ ಸ್ವಂತ ವಾಹನ ಒಂದು ಸೈಕಲ್ಲು. ಅದರ ಇಸವಿ ಅವರಿಗೂ ಗೊತ್ತಿಲ್ಲ. "ನೈಂಟೀನ್ ಅಂತ ಶುರುವಾಗೋ ಗಾಡಿ ಮುಟ್ಟಲೇಬೇಡಿ ಸಾರ್. ಅದೆಲ್ಲ ಹೋದ ಶತಮಾನದ್ದು. ನಾಳೆ ಮಾರೋಕೆ ಹೋದರೆ ಒಬ್ಬನೂ ತಿರುಗಿ ನೋಡಲ್ಲ" ಎಂದು ತಮಿಳಿನಲ್ಲಿ ತೀರ್ಪು ಕೊಟ್ಟರು. ಕೊಳ್ಳುವ ಮೊದಲೇ ಮಾರುವ ಚಿಂತೆ! ಇಂಥ ತಿಳಿಗೇಡಿ ಮಾತಿಗೆ ನಗಬೇಕಾಗಿತ್ತು. ನಾನು ಡೈರಿಯಲ್ಲಿ ಬರೆದುಕೊಂಡೆ. ಅಂದೇ ಸಂಜೆ, ಅಡ್ಯಾರಿನ ವಾಸುದೇವರಾಯರೆಂಬ ಹಿರಿಯರು ಮಾರಲಿಟ್ಟಿದ್ದ ತೊಂಬತ್ತೊಂಬತ್ತರ ಸಣ್ಣ ಕಾರನ್ನು ಕಣ್ಣಿಂದಲೂ ನೋಡದೆ ಫೋನಿನಲ್ಲೇ ಬೇಡವೆಂದೆ. ಕಾರಣವನ್ನೂ ಹೇಳಿದೆ, ಶತಮಾನದ ಸಮೇತ.

ಮೇ ತಿಂಗಳ ಕೊನೆಯಲ್ಲಿ ಕೋಡಂಬಾಕ್ಕಮಿನ ದಲ್ಲಾಳಿಯೊಬ್ಬ ಅದೇ ಜಾತಿಯ ಕಾರು ತೋರಿಸಿ, "ಅಪ್ಪಟ ಎರಡು ಸಾವಿರದ ಮಾಡೆಲ್ ಸಾರ್" ಎಂದ. ನನಗೆ ರೋಮಾಂಚನವಾಯಿತು. ಆದರೂ ಗುಮಾಸ್ತಗಿರಿಯ ಅಭ್ಯಾಸ, ಆರ್‌ಸಿ ಪುಸ್ತಕ ಇಸಿದುಕೊಂಡು ಓದಿದೆ. ನೋಂದಣಿಯೇನೋ ಎರಡು ಸಾವಿರದ ಜನವರಿ. ಕಾರು ತಯಾರಾದದ್ದು ಮಾತ್ರ ತೊಂಬತ್ತೆಂಟರ ನವೆಂಬರ್! ವರ್ಷಕ್ಕೂ ಮಿಕ್ಕಿ ಯಾವುದೋ ಗೋದಾಮಿನಲ್ಲಿ ಧೂಳು ತಿಂದ ಗಾಡಿ. "ರಸ್ತೆಗೆ ಬಂದ ದಿನವೇ ಹುಟ್ಟಿದ ದಿನ ಸಾರ್" ಎಂದು ಅವನು ಹಲ್ಲು ಕಿರಿದ. ನನ್ನ ರಕ್ತ ಕುದಿಯಿತು. "ಹುಟ್ಟಿದ್ದು ಒಂದು ಇಸವಿ, ಕಾಗದದಲ್ಲಿ ಇನ್ನೊಂದು ಇಸವಿ! ಇದಕ್ಕೆ ಮೋಸ ಅಂತಾರೆ. ಮಾನ ಮರ್ಯಾದೆ ಇರೋ ಯಾರೂ ಇಂಥ ಕೆಲಸ ಮಾಡಲ್ಲ" ಎಂದು ಬೀದಿ ಕೇಳುವಂತೆ ಭಾಷಣ ಮಾಡಿದೆ. ಪಕ್ಕದಲ್ಲಿದ್ದ ವನಜ ನನ್ನನ್ನೇ ನೋಡುತ್ತ ನಿಂತಿದ್ದಳು. ಮೆಚ್ಚುಗೆ ಎಂದುಕೊಂಡೆ.

ಶಾಲೆ ತೆಗೆಯಲು ನಾಲ್ಕೇ ದಿನ ಉಳಿದಾಗ ಮುಖ ಸಣ್ಣದು ಮಾಡಿಕೊಂಡು ವಾಸುದೇವರಾಯರ ಮನೆಗೇ ಹೋದೆವು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮನೆತನ. ಕನ್ನಡದ ಅರ್ಧಕ್ಕೆ ತಮಿಳು ಬೆರೆತಿದೆ. "ಓಹೋ, ಹೋದ ಶತಮಾನದ ವಂಡಿ ವೇಂಡಾಂ ಅಂದೋರು ನೀವೇ ತಾನೆ? ಪರವಾಯಿಲ್ಲೆ, ಕೂತ್ಕೊಳ್ಳಿ, ಕಾಪಿ ಕುಡೀರಿ" ಎಂದರು. ಅವರ ಕಾರು ತಯಾರಾದದ್ದೂ ನೋಂದಣಿಯಾದದ್ದೂ ತೊಂಬತ್ತೊಂಬತ್ತರ ಮಾರ್ಚಿನಲ್ಲೇ. ಅಂದರೆ ಆ ಎರಡು ಸಾವಿರದ ಮಾಡೆಲ್ಲಿಗಿಂತ ಚಿಕ್ಕ ವಯಸ್ಸಿನದು. ನಾಚಿಕೆ ಮುಚ್ಚಿಕೊಳ್ಳಲು ನಾನು ದಲ್ಲಾಳಿಯ ಮೋಸವನ್ನು ಮತ್ತೆ ಮೊದಲಿನಿಂದ ಉಪ್ಪುಖಾರ ಹಚ್ಚಿ ಹೇಳಿದೆ.

ರಾಯರು ಎಲ್ಲ ಕೇಳಿ, "ಸರಿ, ನನ್ನ ವಂಡೀನ ಒಳ್ಳೇ ಕೈಗೇ ಕೊಡಬೇಕು. ನಿಮಗೆ ವಯಸ್ಸೆಷ್ಟು?" ಎಂದರು.

"ಐವತ್ತೆರಡು" ಎಂದೆ.

"ಅದು ಇವರ ನೋಂದಣಿ ಸಾರ್," ಎಂದಳು ವನಜ, ಲೋಟ ಕೆಳಗಿಡುತ್ತ. "ತಯಾರಾಗಿದ್ದು ಎರಡು ವರ್ಷ ಮುಂಚೆ."

ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ನಮ್ಮೂರಿನ ಹೆಡ್‌ಮೇಷ್ಟ್ರು, ಹುಡುಗನಿಗೆ ಮುಂದೆ ಅನುಕೂಲವಾಗಲಿ ಎಂದು ಎರಡು ವರ್ಷ ಕಡಿಮೆ ಬರೆದಿದ್ದರು. ಅಪ್ಪ ಅದಕ್ಕೆ ಅವರಿಗೆ ಒಂದು ಬುಟ್ಟಿ ಬದನೆಕಾಯಿ ಕೊಟ್ಟಿದ್ದರಂತೆ. ಮದುವೆಯಾದ ಹೊಸತರಲ್ಲಿ ಇದನ್ನು ದೊಡ್ಡ ಸಾಹಸದಂತೆ ವನಜಳಿಗೆ ಹೇಳಿದವನು ನಾನೇ. ಗಣಿತದ ಟೀಚರಿಗೆ ಅಂಕಿ ಹೇಳಬಾರದಿತ್ತು. ರಾಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ವಂಡಿ ಓಡ್ಸೋದು ಯಾರಮ್ಮ?" ಎಂದರು. "ನಾನೇ" ಎಂದಳು. ಕೀಲಿ ಅವಳ ಕೈಗೆ ಹೋಯಿತು. ನಾನು ತೆಪ್ಪಗೆ ಎಡಗಡೆ ಸೀಟಿನಲ್ಲಿ ಕೂತು ಮನೆಗೆ ಬಂದೆ.

ಶಾಲೆ ತೆಗೆದ ದಿನ ವನಜ ಗೇಟಿನ ಹತ್ತಿರ ಒಂದು ಸಲ ಹಾರನ್ ಹೊಡೆದು ಹೊರಟಳು. ಅವಳ ಮುಖ ನೋಡಿ ನನಗಾದ ಸಂತೋಷಕ್ಕೆ ಇಸವಿ ಇರಲಿಲ್ಲ. ನಾನು ಎಂದಿನಂತೆ ರೈಲಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋದೆ.

"ಕಾರು ಬಂತಂತೆ? ಯಾವ ಮಾಡೆಲ್?" ಎಂದರು ರಂಗನಾಥನ್.

"ತೊಂಬತ್ತೊಂಬತ್ತು."

"ಅಯ್ಯೋ, ಎರಡು ಸಾವಿರದ್ದು ಸಿಗಲಿಲ್ಲವಾ ಸಾರ್?"

ಆ ಕನಿಕರ ಕೇಳಿ ಮೈಯೆಲ್ಲ ಉರಿಯಿತು. ಕಾಗದದ ಇಸವಿ ಬೇರೆ, ಹುಟ್ಟಿದ ಇಸವಿ ಬೇರೆ ಎಂದು ಈ ಸೈಕಲ್ ಪಂಡಿತನ ಕಣ್ಣು ತೆರೆಸಿಯೇ ಬಿಡೋಣವೆಂದು ಬಾಯಿ ತೆರೆದೆ. ಅವರ ಬೆನ್ನ ಹಿಂದಿನ ಸರ್ವಿಸ್ ರಿಜಿಸ್ಟರುಗಳ ಬೀರು ಕಣ್ಣಿಗೆ ಬಿತ್ತು.

"ಸಿಗಲಿಲ್ಲ ಸಾರ್" ಎಂದು ಹೇಳಿ ನನ್ನ ಜಾಗಕ್ಕೆ ಬಂದು ಕೂತೆ. ನನಗಿನ್ನೂ ಎಂಟು ವರ್ಷ ಸರ್ವಿಸ್ ಇದೆ, ಕಾಗದದ ಪ್ರಕಾರ.