ಭಾವನ ಎಣಿಕೆಯಲ್ಲಿ ನಾನು ಮೈನಸ್

ನಮ್ಮ ಭಾವನಷ್ಟು ಎಣಿಕೆಯ ಹುಚ್ಚಿರುವ ಇನ್ನೊಬ್ಬ ಮನುಷ್ಯ ದಾವಣಗೆರೆಯಲ್ಲಿ ಸಿಕ್ಕರೆ ನಾನು ಕಂಪ್ಯೂಟರ್ ಮುಟ್ಟುವುದನ್ನೇ ಬಿಡುತ್ತೇನೆ! ಅಕ್ಕನ ಗಂಡ ಎಂದು ಸಹಿಸಬಹುದಿತ್ತು. ಆದರೆ ಅವರೇ ನನ್ನ ಯಜಮಾನರೂ ಆಗಿದ್ದರಲ್ಲ!

ತೊಂಬತ್ತರ ದಶಕದ ಕೊನೆ. ಎಂ.ಸಿ.ಸಿ. ಬಡಾವಣೆಯ ಒಂದು ಮಹಡಿಯಲ್ಲಿ ನಾವು ನಾಲ್ವರು ಊರಂಚಿನ ಕರೂರಿನ ಕಾರ್ಖಾನೆಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದೆವು. ಬರೆದದ್ದೆಲ್ಲ ಒಂದೇ ದೊಡ್ಡ ಕಂಪ್ಯೂಟರಿಗೆ ಸೇರಬೇಕು. ಯಾರು, ಯಾವತ್ತು, ಎಷ್ಟು ಸಾಲು ಸೇರಿಸಿದರು, ಎಷ್ಟು ಅಳಿಸಿದರು ಎಂಬುದನ್ನೆಲ್ಲ ಅದು ನೆನಪಿಡುತ್ತಿತ್ತು. ಭಾವನಿಗೆ ಇನ್ನೇನು ಬೇಕು? ದಿನಾ ಬೆಳಿಗ್ಗೆ ಎಣಿಸಲು ಕೂತರು. ಕಂಪ್ಯೂಟರೋ, ಪ್ರತಿಸಲವೂ ಮೊದಲ ದಿನದಿಂದಲೇ ಎಣಿಸುತ್ತಿತ್ತು. ಮುಕ್ಕಾಲು ಗಂಟೆ ನಮ್ಮ ಕೆಲಸ ಬಂದ್!

"ಭಾವಾ, ನಿನ್ನೆ ತನಕದ್ದು ಇನ್ನು ಬದಲಾಗಲ್ಲ. ಆ ಮೊತ್ತ ಒಂದು ಕಡೆ ಬರೆದಿಡ್ರಿ, ಹೊಸದಷ್ಟೇ ಕೂಡಿಸಿದ್ರಾತು" ಎಂದೆ.

"ಶಾಣ್ಯಾ ಅದಿಯಲೇ! ನೀನೇ ಮಾಡಿಕೊಡು."

ಮಾಡಿಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ! ಪರಿಣಾಮವೇನು? ದಿನಕ್ಕೊಮ್ಮೆ ಎಣಿಸುತ್ತಿದ್ದವರು ಪ್ರತಿ ಚಹಾಕ್ಕೊಮ್ಮೆ ಎಣಿಸತೊಡಗಿದರು. ಭಾವ ಕುಡಿಯುತ್ತಿದ್ದ ಚಹಾ ಎಷ್ಟೆಂದು ಮಾತ್ರ ಯಾರೂ ಎಣಿಸಲಿಲ್ಲ!

ಆ ವಾರ ನಾನು ಬೆವರು ಸುರಿಸಿ, ಒಂದು ಕಾರ್ಖಾನೆಯ ಆರುನೂರು ಸಾಲಿನ ಗೋಜಲು ಹಾಜರಿ ಪ್ರೋಗ್ರಾಮನ್ನು ತೊಂಬತ್ತು ಸಾಲಿಗೆ ಇಳಿಸಿದೆ. ಶಹಬ್ಬಾಸ್ ಎನ್ನಬೇಕಲ್ಲವೇ? ಗೋಡೆಗೆ ಭಾವನ ಪಟ್ಟಿ ಅಂಟಿತ್ತು, ಸೇರಿಸಿದ ಸಾಲುಗಳಲ್ಲಿ ಅಳಿಸಿದ್ದನ್ನು ಕಳೆದ ಲೆಕ್ಕ. ಕೊನೆಯಲ್ಲಿ ನನ್ನ ಹೆಸರು, ಮುಂದೆ ಮೈನಸ್ ಐನೂರಾ ಹತ್ತು! ಮಧ್ಯಾಹ್ನ ಊಟಕ್ಕೆ ಹೋದರೆ ಅಕ್ಕನೂ ಬಿಡಲಿಲ್ಲ. "ಐನೂರು ಸಾಲು ಕಳಕೊಂಡ್ಯಂತಲ್ಲೋ! ಸರಿಯಾಗಿ ಹುಡುಕಿದ್ಯಾ?"

ಕೆಲಸ ಮಾಡಿದವನಿಗೆ ಈ ಮರ್ಯಾದೆಯೇ? ಆಫೀಸಿಗೆ ಮರಳಿ, ಪಟ್ಟಿಯನ್ನು ಹರಿದು ಭಾವನ ಕೋಣೆಗೆ ನುಗ್ಗಿದೆ. ಕುರ್ಚಿ ಖಾಲಿ! ಸಂಜೆಯವರೆಗೆ ಕಾದರೂ ಆಸಾಮಿ ಪತ್ತೆಯಿಲ್ಲ.

ಮರುದಿನ ನನ್ನ ಪಕ್ಕದ ಮೇಜಿನ ಶಬಾನಾಳ ಬಳಿ ಭಾವನ ಬಗ್ಗೆ ಕೂಗಾಡಿದೆ. ಆಕೆ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಸೇರಿ ಮೂರು ತಿಂಗಳಾಗಿತ್ತು. "ಮನುಷ್ಯರೇನು ಅವರು? ಎಣಿಸೋ ಯಂತ್ರ!"

"ಹಂಗನ್ನಬ್ಯಾಡ್ರಿ ಸರ್," ಎಂದಳು ಮೆಲ್ಲಗೆ. "ನಿನ್ನೆ ಮಧ್ಯಾಹ್ನ ಕರೆದು, 'ಎರಡು ದಿನದಿಂದ ನಿನ್ನ ಹೆಸರಿನ ಮುಂದೆ ಸೊನ್ನೆ ಐತೆ. ಏನಾಗೈತವ್ವ?' ಅಂದ್ರು. ಅಮ್ಮಿ ದವಾಖಾನೆಯಾಗೆ ಅದಾಳೆ, ಹೊಸಬಳು ರಜೆ ಹೆಂಗೆ ಕೇಳಲಿ ಅಂತ ಸುಮ್ಮನಿದ್ದೆ ಅಂದೆ. ತಕ್ಷಣ ನನ್ನನ್ನ ಹರಿಹರದ ಬಸ್ಸು ಹತ್ತಿಸಿ, ತಾವು ಸ್ಕೂಟರಿನಾಗೆ ಹಿಂದೇ ಬಂದ್ರು. ಅಮ್ಮಿಗೆ ರಕ್ತ ಬೇಕಾಗಿತ್ತು. ಅವರೇ ಕೊಟ್ರು. ಇವತ್ತು ತಂಗಿ ನೋಡಿಕೊಳ್ತಾಳೆ ಅಂತ ನಾನು ಬಂದೆ."

ಎರಡು ದಿನ ಅವಳ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದವನು ನಾನು. ಅವಳ ಕಣ್ಣು ಊದಿಕೊಂಡಿದ್ದು ನನಗೆ ಕಂಡಿದ್ದೇ ಈಗ.

ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡೆ.

"ಅಮ್ಮಿ ಈಗ ಹೆಂಗದಾರವ್ವ?"