ಅಳಿಯನ ಮುಂದ ಕಬಡ್ಡಿ ಕೋಚಿನ ಭೆಟ್ಟಿ

ನಮ್ಮ ಕಾಕಾನ ಸಂಗಾಟ ನಮ್ಮೂರು ತಡವಳ ಬಿಟ್ಟು ಹೊಂಟ್ರ ಏನಾರ ಒಂದು ಆಗ್ದ ಇರೂದಿಲ್ಲ. ನಮಗೂ ನಾಚಿಕಿ ರೂಢಿ ಆಗೈತಿ. ಹೋದ ತಿಂಗಳ ಸೊಲ್ಲಾಪುರಕ್ಕ ಬಟ್ಟಿ-ಅರಬಿ ತರಾಕ ಹೋಗಿದ್ವಿ. ಅಲ್ಲಿ ಟೀವಿಯಾಗ ಬರೂ ಒಂದು ಕಬಡ್ಡಿ ಟೀಮು ಪ್ರಾಕ್ಟೀಸ್ ನಡಸಿತ್ತು, ಯಾರು ಬೇಕಾದ್ರೂ ನೋಡಬಹುದಿತ್ತು. ಅದರ ಕೋಚು ಹರೇದಾಗ ತನ್ನ ಎದುರು ಆಡಿದಾಂವ, ನೋಡಿದ್ರ ತನ್ನ ಗುರುತ ಹಿಡಿತಾನ ಅಂತ ಕಾಕಾ ಸಂಗಾಟ ಬಂದಿದ್ದ ಹೊಸಾ ಅಳಿಯನ ಮುಂದ ಕೊಚ್ಚಿಕೊಂಡ. ಕರಕೊಂಡು ಹೋಗ್ದ ಇದ್ರ ಮಾನಾ ಹೋಗ್ತಿತ್ತು.

ಶಾಲು

ನಮ್ಮ ಕಡೆ ದೊಡ್ಡಾವ್ರನ್ನ ಬರಿಗೈಲೆ ಕಾಣೂದಿಲ್ಲ. ಕಾಕಾ ಶಾಲು, ಟೋಪಿ, ಟೆಂಗಿನಕಾಯಿ ತಗೊಂಡ. ಸ್ಟೇಡಿಯಮ್ಮಿನ ಬಾಗಲದಾಗ ಟೀಮಿನ ಅಂಗಿ ಹಾಕ್ಕೊಂಡ ಹೊಟ್ಟಿಯಾಂವ ಒಬ್ಬ ಖುರ್ಚಿ ಮ್ಯಾಲ ಕುಂತಿದ್ದ. ಕಾಕಾ ಹಿಂದ ಮುಂದ ನೋಡ್ದ ಶಾಲು ಹೊಚ್ಚಿ, ಟೋಪಿ ಇಟ್ಟು, ಕಾಯಿ ಕೊಟ್ಟು, ನಮ್ಮ ಕೈಲೆ ಚಪ್ಪಾಳಿನೂ ಹೊಡಿಸಿದ. ಆಮ್ಯಾಲ ಗೊತ್ತಾತು, ಅಂವ ಟೀಮಿನ ಬಸ್ ಡ್ರೈವರ್. ನಿಮ್ಮ ಎದುರು ಆಡಿದಾವ್ರ ಗುರುತ ನಿಮಗ ಸಿಗಲಿಲ್ಲೇನ್ರಿ ಅಂತ ಅಳಿಯ ಕೇಳಿದ. ದಪ್ಪಾಗಿರಬೇಕು ಅನ್ಕೊಂಡೆ ಅಂದ ಕಾಕಾ. ಶಾಲು ವಾಪಸ್ ಕೇಳಿದ್ರ, ಹೊಚ್ಚಿದ ಶಾಲು ಇಸ್ಕೊಳ್ಳೂದು ಯಾವೂರ ಪದ್ಧತಿ ಅಂತ ಡ್ರೈವರ್ ಮರಾಠಿಯೊಳಗ ಝಾಡಿಸಿ, ಕಾಯಿ ಒಡದು ನಮಗೂ ಒಂದೊಂದು ಚೂರು ಕೊಟ್ಟ.

ಮಣ್ಣು

ಒಳಗ ಹುಡುಗ್ರು ಮ್ಯಾಟಿನ ಮ್ಯಾಲ ಆಡಾಕತ್ತಿದ್ರು. ಗಾದಿ ಮ್ಯಾಲ ಎಂಥಾ ಕಬಡ್ಡಿ ಅಂತ ಕಾಕಾನ ಗೊಣಗಾಟ. ಬಿಡುವಿನ್ಯಾಗ, ನೋಡಾಕ ಬಂದಾವ್ರು ಮ್ಯಾಟ್ ಹತ್ತಿ ಫೋಟೋ ತಗೋರಿ ಅಂತ ಟೀಮಿನಾವ್ರು ಅಂದ್ರು. ನಮ್ಮೂರಾಗ ಆಟಕ್ಕ ಇಳಿಯೂ ಮೊದಲ ಮಣ್ಣು ಮುಟ್ಟಿ ಹಣಿಗೆ ಹಚ್ಕೋತಾರ. ಕಾಕಾ ಬಗ್ಗಿ ಮ್ಯಾಟ್ ತಿಕ್ಕಿದ, ಏನೂ ಬರಲಿಲ್ಲ. ಸೀದಾ ಹೊರಗ ಹೋಗಿ ಗಾಡಿ ನಿಲ್ಲಸೂ ಜಾಗದಿಂದ ಬೊಗಸಿ ತುಂಬ ಮಣ್ಣು ತಂದ, ಹಣಿಗೆ ಹಚ್ಕೊಂಡ, ಉಳಿದದ್ದು ಮ್ಯಾಟಿನ ಮ್ಯಾಲ ಚೆಲ್ಲಿದ. ಹರಾಜಿನ್ಯಾಗ ಕೊಂಡು ತಂದ ಆಟಗಾರರು ಕಸಬರಿಗಿ ಹಿಡದು ನಿಂತ್ರು.

ಕೋಚು

ಸೀಟಿ ಊದಿಕೋತ ಖರೇ ಕೋಚು ಬಂದ. ತೆಳ್ಳಗಿದ್ದ. ಕಾಕಾನ ಬಾಜೂಕ ಅಳಿಯ ಕೈ ಕಟ್ಟಿ ನಿಂತಿದ್ದ. ಕೋಚು ಯಾರು ನೀವು ಅಂದುಬಿಟ್ರ ಸಂಜಿಯೊಳಗ ಸುದ್ದಿ ಬೀಗರ ಊರು ಭಂಡಾರಕವಠೆ ಮುಟ್ಟತಿತ್ತು. ನನಗೂ ಪಾಪ ಅನಿಸ್ತು. ಕಾಕಾ ಹೆಸರು, ಊರು, ಅಕ್ಕಲಕೋಟದಾಗ ಆಡಿದ ಫೈನಲ್, ಎಲ್ಲಾ ಒಪ್ಪಿಸಿದ.

ಕೋಚು ಸೀಟಿ ಕೆಳಗಿಟ್ಟ. ಆಮ್ಯಾಲ ಪ್ಯಾಂಟ್ ಮೊಣಕಾಲತನಕ ಏರಿಸಿದ. ಮೀನಖಂಡದ ಮ್ಯಾಲ ಹಲ್ಲಿನ ಕಲೆ, ಮ್ಯಾಲ ನಾಕು, ಕೆಳಗ ಮೂರು.

"ಇವು ನಿಮ್ಮ ಹಲ್ಲಲ್ಲೇನ್ರಿ?" ಅಂದ, ನಮ್ಮ ಕನ್ನಡದಾಗನ. "ನಾ ಗೆರಿ ಮುಟ್ಟಬಾರದಂತ ಕಚ್ಚಿ ಹಿಡಿದಿದ್ರಿ. ನಾಯಿ ಕಚ್ಚಿದಾವ್ರಿಗೆ ಮಾಡೂ ಇಂಜೆಕ್ಷನ್ ಮಾಡಿಸ್ಕೊಂಡೀನಿ."

ಕಸಬರಿಗಿ ಹಿಡದ ಆಟಗಾರರೆಲ್ಲ ಬಿದ್ದು ಬಿದ್ದು ನಕ್ಕರು. ನಾ ತಲಿ ತಗ್ಗಿಸಿದೆ. ಕಾಕಾ ಎದಿ ಉಬ್ಬಿಸಿ ಅಳಿಯನ ಕಡೆ ತಿರುಗಿದ.

"ಕೇಳಿದ್ರೇನ್ರಿ ಅಳಿಯಾರ? ಮರ್ತಿಲ್ಲ."